ಕೃತಕ ಕಾಲು ಜೋಡಿಸುವವರಿಗೆ ಪರವಾನಗಿ: ಕಾಯಿದೆ ಅಳೆಯುವುದು ಏನನ್ನು?

ಕೃತಕ ಕಾಲು ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಜೈಪುರ ಕಾಲು. 1968ರ ಸುಮಾರಿಗೆ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಅದು ರೂಪುಗೊಂಡಿತು. ಅದರ ಹಿಂದೆ ಇದ್ದವರು ಮೂಳೆ ಶಸ್ತ್ರವೈದ್ಯ ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ. ಸೇಥಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಶರ್ಮರದು ಹೆಚ್ಚಿನ ಶಾಲಾ ಶಿಕ್ಷಣವಿಲ್ಲದ, ಕೈಕೆಲಸದಲ್ಲಿ ಪಳಗಿದ ಬದುಕು. ರಬ್ಬರು, ಮರ, ಅಲ್ಯೂಮಿನಿಯಂ ತಗಡುಗಳ ಗುಣ ಅವರಿಗೆ ಬೆರಳ ತುದಿಯಲ್ಲಿತ್ತು. ಚಕ್ಕಂಬಕ್ಕಳ ಹಾಕಿ ಕುಳಿತುಕೊಳ್ಳುವ, ಬರಿಗಾಲಲ್ಲಿ ಗದ್ದೆಗಿಳಿಯುವ ಭಾರತೀಯನಿಗೆ ಎಂಥ ಪಾದ ಬೇಕು ಎಂಬುದನ್ನು ಕಂಡುಕೊಳ್ಳುವಲ್ಲಿ ಅವರ ಪಾಲು ದೊಡ್ಡದು. ಇಂದು ಅಂಥ ಒಬ್ಬರು ತಮ್ಮಷ್ಟಕ್ಕೇ ಕುಳಿತು ಒಬ್ಬ ರೋಗಿಗೆ ಕಾಲು ಜೋಡಿಸಿದರೆ ಏನಾಗುತ್ತದೆ? ನಮ್ಮ ದೇಶದ ಕಾಯಿದೆಯ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು.

ಕಾಯಿದೆ ಬೇಡವೆಂದು ಸಾಧಿಸಲು ಈ ಮಾತನ್ನು ಹೇಳುತ್ತಿಲ್ಲ. ಕಾಲು ಜೋಡಿಸುವವರಿಗೆ ಪರವಾನಗಿ ಬೇಕೇ ಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ಆದರೆ ಈಗಿರುವ ಪರವಾನಗಿ ಅಳೆಯಬೇಕಾದುದನ್ನು ಅಳೆಯುತ್ತಿಲ್ಲ. ಕೊಡಗಿನಂಥ ಗುಡ್ಡಗಾಡು ಜಿಲ್ಲೆಯಲ್ಲಿ ನಿಂತು ನೋಡಿದರೆ ಈ ಕೊರತೆ ಬಯಲುಸೀಮೆಗಿಂತ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಮೂರು ವೃತ್ತಿಗಳು, ಒಂದು ರಿಜಿಸ್ಟರು

ಇಲ್ಲಿ ಮೂರು ಬಗೆಯ ಕೆಲಸಗಳಿವೆ. ಕಳೆದುಹೋದ ಅಂಗಕ್ಕೆ ಬದಲಿ ಅಂಗ ಮಾಡಿ ಜೋಡಿಸುವವರು ಪ್ರಾಸ್ಥೆಟಿಸ್ಟರು. ಇರುವ ಅಂಗಕ್ಕೆ ಆಸರೆ ಕೊಡುವವರು, ಉದಾಹರಣೆಗೆ ಪೋಲಿಯೊ ಬಂದ ಕಾಲಿಗೆ ಕ್ಯಾಲಿಪರ್, ಬಾಗಿದ ಬೆನ್ನಿಗೆ ಕವಚ ಮಾಡುವವರು ಆರ್ಥೋಟಿಸ್ಟರು. ನಮ್ಮಲ್ಲಿ ಈ ಎರಡನ್ನೂ ಒಂದೇ ಪದವಿಯಲ್ಲಿ ಕಲಿಸುತ್ತಾರೆ. ಮೂರನೆಯವರು ಪೆಡಾರ್ಥಿಸ್ಟರು, ರೋಗಪೀಡಿತ ಪಾದಕ್ಕೆ ತಕ್ಕ ಪಾದರಕ್ಷೆಯನ್ನೂ ಅದರೊಳಗಿನ ಮೆತ್ತೆಯನ್ನೂ ರೂಪಿಸುವವರು. ಈ ಮೂರನೆಯ ಹೆಸರು ನಮ್ಮಲ್ಲಿ ಇನ್ನೂ ಬಳಕೆಗೇ ಬಂದಿಲ್ಲ.

ಭಾರತದಲ್ಲಿ ಈ ಕ್ಷೇತ್ರವನ್ನು ನಿಯಂತ್ರಿಸುವುದು ಭಾರತೀಯ ಪುನರ್ವಸತಿ ಪರಿಷತ್ತು. 1986ರಲ್ಲಿ ಒಂದು ನೋಂದಾಯಿತ ಸಂಘವಾಗಿ ಹುಟ್ಟಿದ ಈ ಪರಿಷತ್ತಿಗೆ 1992ರ ಕಾಯಿದೆ ಶಾಸನಬದ್ಧ ರೂಪ ಕೊಟ್ಟಿತು. 1993ರ ಜೂನ್‌ನಲ್ಲಿ ಅದು ಕಾರ್ಯಾರಂಭ ಮಾಡಿತು. ಮಾನ್ಯತೆ ಪಡೆದ ಶಿಕ್ಷಣ ಮುಗಿಸಿದವರ ಹೆಸರನ್ನು ಪರಿಷತ್ತು ಕೇಂದ್ರೀಯ ಪುನರ್ವಸತಿ ರಿಜಿಸ್ಟರಿನಲ್ಲಿ ಸೇರಿಸುತ್ತದೆ. ಕಾಯಿದೆಯ 13ನೆಯ ಸೆಕ್ಷನ್ ಪ್ರಕಾರ ಆ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಭಾರತದಲ್ಲಿ ಎಲ್ಲಿಯೂ ಈ ವೃತ್ತಿ ನಡೆಸುವಂತಿಲ್ಲ, ಸರ್ಕಾರಿ ಹುದ್ದೆಯಲ್ಲಿ ಇರುವಂತಿಲ್ಲ, ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ. ಮೇಲೆ ಹೇಳಿದ ಶಿಕ್ಷೆ ಇರುವುದೂ ಅದೇ ಸೆಕ್ಷನ್ನಿನಲ್ಲಿ.

ಓದಿದರೆ ಬಹಳ ಬಿಗಿಯಾದ ಕಾಯಿದೆಯಂತೆ ತೋರುತ್ತದೆ. ಆದರೆ ಅದರ ವ್ಯಾಖ್ಯೆಗಳ ಭಾಗವನ್ನು ತೆರೆದು ನೋಡಿ. ಯಾರು ಪುನರ್ವಸತಿ ವೃತ್ತಿಪರರು ಎಂಬುದಕ್ಕೆ ಅಲ್ಲಿ ಒಂದು ಪಟ್ಟಿ ಇದೆ: ಶ್ರವಣ ತಜ್ಞರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಶ್ರವಣ ಸಾಧನದ ತಂತ್ರಜ್ಞರು, ವಿಶೇಷ ಶಿಕ್ಷಕರು, ಹೀಗೆ. ಪ್ರಾಸ್ಥೆಟಿಸ್ಟ್ ಮತ್ತು ಆರ್ಥೋಟಿಸ್ಟರು ಮೂಲ ಪಟ್ಟಿಯಲ್ಲಿ ಹೆಸರು ಹಿಡಿದು ಇರಲಿಲ್ಲ. ಬಳಿಕ ಅಧಿಸೂಚನೆಯ ಮೂಲಕ ಸೇರಿದರು. ಇರಲಿ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಈ ವೃತ್ತಿ ಎಂದರೆ ಯಾವ ಯಾವ ಕೆಲಸ ಎಂಬುದನ್ನು ಕಾಯಿದೆ ಎಲ್ಲಿಯೂ ಹೇಳುವುದಿಲ್ಲ. ಅಳತೆ ತೆಗೆಯುವುದು ವೃತ್ತಿಯೇ? ಪ್ಲಾಸ್ಟರ್ ಅಚ್ಚು ಎರೆಯುವುದು? ಹರಿದ ಪಟ್ಟಿಯನ್ನು ಹೊಲಿದು ಕೊಡುವುದು? ಕಾಲಿನ ಕೋನವನ್ನು ಎರಡು ಡಿಗ್ರಿ ತಿದ್ದುವುದು? ಕೊನೆಯದು ತಜ್ಞನ ಕೆಲಸ, ಪಟ್ಟಿ ಹೊಲಿಯುವುದು ಚಪ್ಪಲಿ ಅಂಗಡಿಯಲ್ಲೇ ಆಗಬಹುದಾದ ಕೆಲಸ. ಕಾಯಿದೆಗೆ ಈ ವ್ಯತ್ಯಾಸ ತಿಳಿಯದು.

ಇದಕ್ಕೆ ಹೋಲಿಕೆಯಾಗಿ ಅಮೆರಿಕದ ಇಲಿನಾಯ್ ರಾಜ್ಯದ 1999ರ ಕಾಯಿದೆಯನ್ನು ನೋಡಬಹುದು. ಅಲ್ಲಿ ಈ ಪರವಾನಗಿ ರಾಜ್ಯಗಳಿಗೆ ಸೇರಿದ ವಿಷಯ; ಅರ್ಧಕ್ಕಿಂತ ಕಡಿಮೆ ರಾಜ್ಯಗಳು ಮಾತ್ರ ಅಂಥ ಕಾಯಿದೆ ಮಾಡಿವೆ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ಎಲ್ಲವೂ ಸರಿ ಇದೆಯೆಂದು ಭಾವಿಸಬೇಕಾಗಿಲ್ಲ. ಆದರೆ ಇಲಿನಾಯ್ ಕಾಯಿದೆ ಮೂರೂ ವೃತ್ತಿಗಳನ್ನು ಹೆಸರಿಸಿ ಪ್ರತಿಯೊಂದಕ್ಕೂ ಬೇರೆ ಪರವಾನಗಿ ಇಟ್ಟಿದೆ. ಪರೀಕ್ಷಿಸುವುದು, ಅಳೆಯುವುದು, ವಿನ್ಯಾಸ ಮಾಡುವುದು, ತಯಾರಿಸುವುದು, ಜೋಡಿಸುವುದು, ಹೊಂದಿಸುವುದು, ದುರಸ್ತಿ ಮಾಡುವುದು ಎಂದು ಕೆಲಸವನ್ನು ಬಿಡಿಸಿ ಹೇಳಿದೆ. ವೈದ್ಯರ ಬರಹದ ಆದೇಶ ಇರಬೇಕೆಂದು ವಿಧಿಸಿದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಊರೆಗೋಲಿನಂಥ ವಸ್ತುಗಳನ್ನು ವ್ಯಾಪ್ತಿಯಿಂದ ಹೊರಗಿಟ್ಟಿದೆ. ನಮ್ಮ ಕಾಯಿದೆ ಅದಕ್ಕಿಂತ ಏಳು ವರ್ಷ ಹಳೆಯದು. 2000ದಲ್ಲಿ ಒಮ್ಮೆ ತಿದ್ದುಪಡಿಯಾಯಿತು, ಆದರೆ ಕೆಲಸದ ವ್ಯಾಖ್ಯೆ ಮಾತ್ರ ಬರಲಿಲ್ಲ.

ಸಾಕೆಟ್ಟಿನ ಒಳಗಿನ ಭೌತಶಾಸ್ತ್ರ

ವ್ಯಾಖ್ಯೆಯ ಬಗ್ಗೆ ಇಷ್ಟು ಹಟ ಏಕೆಂದು ಕೆಲವರು ಕೇಳಬಹುದು. ಉತ್ತರ ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿಯೇ ಇದೆ. ಶಿಕ್ಷಕರು ಬೇಕಾದರೆ ಈ ಲೆಕ್ಕಗಳನ್ನು ತರಗತಿಯಲ್ಲಿ ಮಾಡಿಸಬಹುದು.

ಮಂಡಿಯ ಕೆಳಗೆ ಕಾಲು ಕತ್ತರಿಸಲ್ಪಟ್ಟ, 60 ಕಿಲೋಗ್ರಾಂ ತೂಕದ ಒಬ್ಬ ವ್ಯಕ್ತಿಯನ್ನು ತೆಗೆದುಕೊಳ್ಳೋಣ. ಆತ ಕೃತಕ ಕಾಲಿನ ಮೇಲೆ ನಿಂತಾಗ ಸುಮಾರು 600 ನ್ಯೂಟನ್ ಭಾರವನ್ನು ಕಾಲಿನ ಉಳಿದ ಭಾಗ ಹೊರಬೇಕು. ಅದನ್ನು ಸ್ಟಂಪ್ ಎನ್ನುತ್ತಾರೆ. ಅದು ಕೂರುವ ಬಟ್ಟಲೇ ಸಾಕೆಟ್. ಭಾರ 300 ಚದರ ಸೆಂಟಿಮೀಟರಿನ ಮೇಲೆ ಸಮನಾಗಿ ಹರಡಿದರೆ ಒತ್ತಡ 20 ಕಿಲೋಪಾಸ್ಕಲ್, ಅಂದರೆ ಸುಮಾರು 150 ಮಿಲಿಮೀಟರ್ ಪಾದರಸ. ಚರ್ಮದ ಲೋಮನಾಳಗಳಲ್ಲಿ ರಕ್ತದ ಒತ್ತಡ ಸುಮಾರು 32 ಮಿಲಿಮೀಟರ್ ಎಂದು ಲ್ಯಾಂಡಿಸ್ 1930ರಲ್ಲಿ ಅಳೆದಿದ್ದರು. ಹಾಗಾದರೆ ಭಾರ ಸಮನಾಗಿ ಹರಡಿದಾಗಲೂ ಪ್ರತಿ ಹೆಜ್ಜೆಯಲ್ಲಿ ಆ ಜಾಗದ ರಕ್ತ ಸಂಚಾರ ತುಸು ಹೊತ್ತು ನಿಲ್ಲುತ್ತದೆ. ಹೆಜ್ಜೆ ಎತ್ತಿದಾಗ ಮತ್ತೆ ಹರಿಯುತ್ತದೆ. ಆದ್ದರಿಂದಲೇ ಚರ್ಮ ತಾಳಿಕೊಳ್ಳುತ್ತದೆ. ಇದೇ ಭಾರ 30 ಚದರ ಸೆಂಟಿಮೀಟರಿನ ಮೇಲೆ, ಉದಾಹರಣೆಗೆ ಮೊಣಕಾಲಿನ ಮೂಳೆಯ ತುದಿಯ ಸುತ್ತ ಬಿದ್ದರೆ, ಒತ್ತಡ 200 ಕಿಲೋಪಾಸ್ಕಲ್ ಆಗುತ್ತದೆ. ಅಲ್ಲಿ ಮೊದಲು ಕೆಂಪಾಗಿ, ಬೊಬ್ಬೆ ಎದ್ದು, ಬಳಿಕ ಹುಣ್ಣಾಗುತ್ತದೆ.

ಒತ್ತಡ ಮೊದಲನೆಯ ಪ್ರಶ್ನೆ. ಎರಡನೆಯದು ಟಾರ್ಕ್, ಎಂದರೆ ಬಲದ ತಿರುಗಿಸುವ ಪರಿಣಾಮ. ಕೃತಕ ಪಾದವನ್ನು ಸರಿಯಾದ ಜಾಗದಿಂದ ಕೇವಲ ಒಂದು ಸೆಂಟಿಮೀಟರ್ ಹೊರಕ್ಕೆ ಜೋಡಿಸಿದ್ದಾರೆ ಎನ್ನಿ. 600 ನ್ಯೂಟನ್ ಭಾರಕ್ಕೆ 6 ನ್ಯೂಟನ್ ಮೀಟರ್ ಟಾರ್ಕ್ ಆಯಿತು. ಈ ತಿರುಚನ್ನು ತಡೆಯಬೇಕಾದದ್ದು ಸಾಕೆಟ್ಟಿನ ಮೇಲಂಚು ಒಂದು ಪಕ್ಕದಲ್ಲಿ, ಕೆಳತುದಿ ಇನ್ನೊಂದು ಪಕ್ಕದಲ್ಲಿ. ಅವೆರಡರ ನಡುವೆ 12 ಸೆಂಟಿಮೀಟರ್ ಅಂತರವಿದ್ದರೆ ಪ್ರತಿ ತುದಿಯಲ್ಲೂ 50 ನ್ಯೂಟನ್ ಹೆಚ್ಚುವರಿ ಬಲ ಬೀಳುತ್ತದೆ. ಇದು 10 ಚದರ ಸೆಂಟಿಮೀಟರ್ ಚರ್ಮದ ಮೇಲೆ ಬಿದ್ದರೆ ಹೆಚ್ಚುವರಿ ಒತ್ತಡ 50 ಕಿಲೋಪಾಸ್ಕಲ್. ಒಂದು ಸೆಂಟಿಮೀಟರಿನ ತಪ್ಪು ಮೂಲ ಒತ್ತಡದ ಎರಡೂವರೆ ಪಟ್ಟನ್ನು ಸೇರಿಸಿತು! ದಿನಕ್ಕೆ ಆ ಕಾಲಿನ ಮೇಲೆ 3,000 ಹೆಜ್ಜೆ ಹಾಕಿದರೂ ವರ್ಷಕ್ಕೆ ಸುಮಾರು 11 ಲಕ್ಷ ಸಲ ಅದೇ ಜಾಗದಲ್ಲಿ ಅದೇ ಒತ್ತು.

ಮೂರನೆಯದು ವಸ್ತುವಿನ ದಣಿವು. ಕಾಲಿನ ಕೃತಕ ಅಂಗಗಳ ಬಲ ಪರೀಕ್ಷೆಗೆ ಐಎಸ್ಒ 10328 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಬಳಸುವವರ ತೂಕಕ್ಕೆ ತಕ್ಕಂತೆ ಹಂತಗಳಿದ್ದು, ಯಂತ್ರವು 30 ಲಕ್ಷ ಸಲ ಭಾರ ಹಾಕಿ ತೆಗೆಯುತ್ತದೆ. ನಮ್ಮ 3,000 ಹೆಜ್ಜೆಯ ಲೆಕ್ಕದಲ್ಲಿ ಇದು 1,000 ದಿನ, ಮೂರು ವರ್ಷಕ್ಕೂ ಕಡಿಮೆ. ಒಳ್ಳೆಯ ಮಾನಕವೇ. ಆದರೆ ಅದು ಪರೀಕ್ಷಿಸುವುದು ಕಾಲನ್ನು; ಕಾಲಿಗೂ ಮನುಷ್ಯನಿಗೂ ನಡುವಿನ ಜೋಡಣೆಯನ್ನು ಯಾವ ಯಂತ್ರವೂ ಕಾರ್ಖಾನೆಯಲ್ಲಿ ಪರೀಕ್ಷಿಸಲಾರದು.

ವಿಮರ್ಶೆಯ ಮುಖ್ಯ ಅಂಶ ಇದೇ. ವ್ಯಕ್ತಿಗೆ ಒಂದು ಕಾಯಿದೆ ಇದೆ. ವಸ್ತುವಿಗೆ ಬೇರೆ ನಿಯಮಗಳಿವೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಮತ್ತು ಅಂಗಕ್ಕೆ ಬದಲಿಯಾಗುವ, ಆಸರೆಯಾಗುವ ಸಾಧನಗಳನ್ನೂ ಔಷಧ ಕಾಯಿದೆಯ ವ್ಯಾಪ್ತಿಗೆ ತಂದ 2020ರ ಅಧಿಸೂಚನೆ. ಜೋಡಣೆ ಸರಿಯಾಯಿತೇ, ಆರು ತಿಂಗಳ ಬಳಿಕವೂ ಸರಿಯಾಗಿದೆಯೇ ಎಂದು ಕೇಳುವ ನಿಯಮ ಮಾತ್ರ ಯಾವುದರಲ್ಲೂ ಇಲ್ಲ. ಹುಣ್ಣಾಗುವುದು ಆ ಜಾಗದಲ್ಲಿಯೇ.

ಇದು ಬರಿಯ ಊಹೆಯಲ್ಲ. ಜೈಪುರ ತಂತ್ರದ ಪಾಲಿಎಥಿಲೀನ್ ಕಾಲುಗಳನ್ನು ಬಳಸುತ್ತಿದ್ದವರನ್ನು ಡೆನ್ಮಾರ್ಕಿನ ಯೆನ್ಸೆನ್ ಮತ್ತು ಸಂಗಡಿಗರು ಹಿಂಬಾಲಿಸಿ ನೋಡಿ 2004ರಲ್ಲಿ ಪ್ರಕಟಿಸಿದ ಕ್ಷೇತ್ರ ಅಧ್ಯಯನ ಸಾಕೆಟ್ಟಿನ ಅಳತೆಯಲ್ಲಿ, ಅಲೈನ್‌ಮೆಂಟಿನಲ್ಲಿ ಮತ್ತು ಕೈಕೆಲಸದಲ್ಲಿ ಗಂಭೀರ ದೋಷಗಳನ್ನು ತೋರಿಸಿತು. ಪಾದದ ಕಲ್ಪನೆ ಎಷ್ಟೇ ಚೆನ್ನಾಗಿದ್ದರೂ ಜೋಡಣೆ ಕೆಟ್ಟರೆ ಕಾಲು ಕೆಟ್ಟಂತೆ. ಕುಶಲಕರ್ಮಿಗಳ ಪರವಾಗಿ ಮಾತಾಡುವ ನಾವು ಈ ಫಲಿತಾಂಶವನ್ನು ಮುಚ್ಚಿಡಬಾರದು.

ಸಮತಟ್ಟು ನೆಲದ ಕಾಲು, ಗುಡ್ಡದ ದಾರಿ

ಈಗ ಕೊಡಗಿಗೆ ಬರೋಣ. ಕಾಲನ್ನು ಹೊಂದಿಸುವ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ: ಮೊದಲು ಮೇಜಿನ ಮೇಲೆ, ಆಮೇಲೆ ವ್ಯಕ್ತಿ ನಿಂತಾಗ, ಕೊನೆಗೆ ಆತ ನಡೆಯುವಾಗ. ಕೊನೆಯ ಹಂತ ನಡೆಯುವುದು ಸಾಮಾನ್ಯವಾಗಿ ಎರಡು ಸರಳುಗಳ ನಡುವಿನ ಸಿಮೆಂಟು ನೆಲದ ಮೇಲೆ. ಕಾಫಿ ತೋಟದಲ್ಲಿ ಅಂಥ ನೆಲ ಇರುವುದು ಕಣದಲ್ಲಿ ಮಾತ್ರ.

ಹತ್ತು ಡಿಗ್ರಿ ಏರು ನಮ್ಮ ಕಡೆ ಸಾಧಾರಣ ದಾರಿ. ಕಣಕಾಲಿನ ಕೀಲಿಲ್ಲದ ಗಟ್ಟಿ ಪಾದವನ್ನು ಆ ಏರಿನ ಮೇಲೆ ಪೂರ್ತಿ ಊರಿದರೆ ಕೃತಕ ಕಾಲು ನೆಲಕ್ಕೆ ಲಂಬವಾಗಿ, ಅಂದರೆ ಹತ್ತು ಡಿಗ್ರಿ ಹಿಂದಕ್ಕೆ ವಾಲಿ ನಿಲ್ಲುತ್ತದೆ. ಪಾದದಿಂದ ಮಂಡಿಗೆ 40 ಸೆಂಟಿಮೀಟರ್ ಎಂದರೆ ಮಂಡಿ ಸುಮಾರು 7 ಸೆಂಟಿಮೀಟರ್ ಹಿಂದೆ ಬೀಳುತ್ತದೆ. ಪೂರ್ತಿ ಭಾರ ಪಾದದ ಮೇಲೆ ಬಿದ್ದರೆ ಟಾರ್ಕ್ 42 ನ್ಯೂಟನ್ ಮೀಟರ್. ಹಿಂದೆ ನೋಡಿದ ಒಂದು ಸೆಂಟಿಮೀಟರ್ ತಪ್ಪಿನ ಏಳರಷ್ಟು. ಅದು ಮಂಡಿಯನ್ನು ಹಿಮ್ಮುಖವಾಗಿ ಬಾಗಿಸಲು ನೋಡುತ್ತದೆ. ನಡೆಯುವವನು ಇದನ್ನು ಲೆಕ್ಕ ಹಾಕುವುದಿಲ್ಲ. ತುದಿಗಾಲಲ್ಲಿ ನಡೆಯುತ್ತಾನೆ, ಅಥವಾ ಏಡಿಯಂತೆ ಅಡ್ಡಡ್ಡ ಹತ್ತುತ್ತಾನೆ. ಜೈಪುರ ಪಾದ ಮೆದುವಾಗಿ ಹಲವು ದಿಕ್ಕಿಗೆ ಬಾಗುವುದರಿಂದ ಈ ತೊಂದರೆ ಕಡಿಮೆ. ಆದರೆ ಆ ಕಾಲನ್ನೂ ಯಾವ ನೆಲದಲ್ಲಿ ಬಳಸುತ್ತೀರಿ ಎಂದು ಕೇಳಿಯೇ ಹೊಂದಿಸಬೇಕು.

ಕೆಲವು ವರ್ಷಗಳ ಹಿಂದೆ ದಕ್ಷಿಣ ಕೊಡಗಿನ ಒಂದು ಸಭಾಂಗಣದಲ್ಲಿ ನಡೆದ ಉಚಿತ ಜೋಡಣಾ ಶಿಬಿರವನ್ನು ನೋಡಲು ಹೋಗಿದ್ದೆ. ಐವತ್ತರ ಆಸುಪಾಸಿನ ತೋಟದ ಕೆಲಸಗಾರರೊಬ್ಬರು ಸರಳುಗಳ ನಡುವೆ ಚೆನ್ನಾಗಿಯೇ ನಡೆದರು, ಚಪ್ಪಾಳೆಯೂ ಬಿತ್ತು. ಹೊರಗೆ ರಸ್ತೆಗಿಳಿಯುವ ಇಳಿಜಾರಿನಲ್ಲಿ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟರು. "ಒಳಗೆ ಸರಿ ಇತ್ತು ಸಾರ್, ತೋಟದಲ್ಲಿ ಇದು ಆಗಲ್ಲ" ಎಂದರು. ಜೋಡಿಸಿದ ಯುವಕ ಅರ್ಹತೆ ಪಡೆದವನೇ, ನೋಂದಣಿ ಇದ್ದವನೇ. ಆದರೆ ಅಂದು ಸಂಜೆಯೊಳಗೆ ಇನ್ನೂ ಹಲವರಿಗೆ ಕಾಲು ಕೊಟ್ಟು ಆತ ಮುಂದಿನ ಊರಿಗೆ ಹೊರಡಬೇಕಿತ್ತು. ಅಲ್ಲಿ ಕಾಯಿದೆಯ ಯಾವ ಉಲ್ಲಂಘನೆಯೂ ಆಗಿರಲಿಲ್ಲ.

ಮಳೆಗಾಲದ ಮಾತು ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟಕ್ಕಿಳಿಯುವವರು ಕೆಸರಿಗೂ ಜಿಗಣೆಗೂ ಗಂಬೂಟು ಹಾಕುತ್ತಾರೆ. ಕಣಕಾಲು ಬಾಗದ ಪಾದ ಗಂಬೂಟಿನ ಕೊಳವೆಯೊಳಗೆ ಸುಲಭವಾಗಿ ಇಳಿಯುವುದಿಲ್ಲ. ಇಳಿದರೂ ಬೂಟಿನ ಹಿಮ್ಮಡಿ ಮುಂಗಾಲಿಗಿಂತ ಒಂದೂವರೆ ಸೆಂಟಿಮೀಟರ್ ಎತ್ತರವಿದ್ದು, ಅವೆರಡರ ಅಂತರ 16 ಸೆಂಟಿಮೀಟರ್ ಇದ್ದರೆ, ಬರಿಗಾಲಿಗೆ ಹೊಂದಿಸಿದ ಕಾಲು ಐದು ಡಿಗ್ರಿಗೂ ಹೆಚ್ಚು ಮುಂದಕ್ಕೆ ವಾಲುತ್ತದೆ. ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಒದ್ದೆ ಚರ್ಮ ಸಾಕೆಟ್ಟಿನೊಳಗೆ ಬೇಗ ಸುಲಿಯುತ್ತದೆ. ಕೊನೆಗೆ ಕಾಲು ಗೋಡೆಯ ಮೊಳೆ ಸೇರುತ್ತದೆ. ಸರ್ಕಾರದ ಕಡತದಲ್ಲಿ ಆತ ಫಲಾನುಭವಿಯಾಗಿಯೇ ಉಳಿಯುತ್ತಾನೆ.

ಕೊಡಗಿನಲ್ಲಿ ಈ ಅಗತ್ಯ ಎಷ್ಟು ಜನರಿಗೆ? ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೊರತಂದ ಮಾನಕಗಳಲ್ಲಿ ಜನಸಂಖ್ಯೆಯ ಸುಮಾರು ಶೇ. 0.5ರಷ್ಟು ಜನಕ್ಕೆ ಕೃತಕ ಅಂಗ ಇಲ್ಲವೆ ಆಸರೆ ಸಾಧನಗಳ ಸೇವೆ ಬೇಕು ಎಂದು ಅಂದಾಜಿಸಿದೆ. ಹತ್ತು ಲಕ್ಷ ಜನಕ್ಕೆ ಐದರಿಂದ ಹತ್ತು ತಜ್ಞರಿರಬೇಕು ಎಂದಿದೆ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ಹಾಗಾದರೆ ಸುಮಾರು 2,770 ಜನರಿಗೆ ಸೇವೆ, ಮೂರರಿಂದ ಐದು ಮಂದಿ ತಜ್ಞರು. ರಿಜಿಸ್ಟರಿನಲ್ಲಿ ಹೆಸರಿದೆಯೇ ಎಂಬುದಷ್ಟೇ ಕಾಯಿದೆಯ ಕಾಳಜಿ. ಆ ಹೆಸರಿನವರು ಯಾವ ಊರಿನಲ್ಲಿದ್ದಾರೆ ಎಂಬುದನ್ನು ಅದು ಕೇಳುವುದಿಲ್ಲ. ಕರ್ನಾಟಕದಲ್ಲಿ ಈ ಪದವಿ ಶಿಕ್ಷಣಕ್ಕೆ ಹೆಸರಾದದ್ದು ಬೆಂಗಳೂರಿನ ಮೊಬಿಲಿಟಿ ಇಂಡಿಯಾ. 1994ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಪದವಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ್ದು. ನಾಲ್ಕೂವರೆ ವರ್ಷ ಓದಿ ಬಂದ ತರುಣ ತರುಣಿಯರು ರೈಲೇ ಇಲ್ಲದ ಜಿಲ್ಲೆಗೆ ತಾವಾಗಿ ಬಂದು ನೆಲೆಸಲಿ ಎಂದು ನಿರೀಕ್ಷಿಸುವುದು ಸರಿಯಲ್ಲ. ಹುದ್ದೆ ಸೃಷ್ಟಿಸಿದರೆ ಬಂದಾರು.

ಒಂದು ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಕೊಡಗು ಸೈನಿಕರ ನಾಡು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡವರಿಗಾಗಿ 1944ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಕೃತಕ ಅಂಗ ಕೇಂದ್ರಕ್ಕೆ ಇಲ್ಲಿನ ಮಾಜಿ ಸೈನಿಕ ಹೋಗಬಲ್ಲ. ಕಾಲು ಸವೆದಾಗ ಮತ್ತೆ ಹೋಗಬಲ್ಲ. ಅದೇ ಊರಿನ ತೋಟದ ಲೈನಿನಲ್ಲಿರುವ ಯರವ ಕೆಲಸಗಾರನಿಗೆ ಶಿಬಿರವೇ ಗತಿ. ಮೊದಲನೆಯವನಿಗೆ ಸಿಗುವುದು ಮುಂದುವರಿಯುವ ಚಿಕಿತ್ಸೆ, ಎರಡನೆಯವನಿಗೆ ಒಂದು ವಸ್ತು. ನಮ್ಮ ನಿಯಮಗಳು ಈ ಎರಡನ್ನೂ ಒಂದೇ ಕಾಲಂನಲ್ಲಿ ಬರೆದುಕೊಳ್ಳುತ್ತವೆ.

ಮೂರು ವರ್ಷದ ನಿಯಮ

ಶಿಬಿರಗಳಿಗೆ ಹೆಚ್ಚಾಗಿ ಹಣ ಬರುವುದು 1981ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಿಂದ. ಇದರ 2014ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಜೋಡಣೆಯ ನಂತರದ ಆರೈಕೆಗೂ ಸಂಸ್ಥೆಗಳು ವ್ಯವಸ್ಥೆ ಮಾಡಬೇಕು ಎಂಬ ಮಾತಿದೆ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಷರತ್ತೂ ಇದೆ: ಅದೇ ಉದ್ದೇಶಕ್ಕೆ ಕಳೆದ ಮೂರು ವರ್ಷಗಳಲ್ಲಿ ಯಾವ ಮೂಲದಿಂದಲೂ ನೆರವು ಪಡೆದಿರಬಾರದು, 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ.

ಶಸ್ತ್ರಚಿಕಿತ್ಸೆಯ ನಂತರದ ಮೊದಲ ವರ್ಷ, ಒಂದೂವರೆ ವರ್ಷದಲ್ಲಿ ಸ್ಟಂಪಿನ ಗಾತ್ರ ಕುಗ್ಗುತ್ತ ಹೋಗುತ್ತದೆ. ಊತ ಇಳಿಯುತ್ತದೆ, ಕೆಲಸವಿಲ್ಲದ ಸ್ನಾಯು ಸೊರಗುತ್ತದೆ. ಇದು ವೈದ್ಯಶಾಸ್ತ್ರದ ಸಾಮಾನ್ಯ ತಿಳಿವಳಿಕೆ. ಸಾಕೆಟ್ ಸಡಿಲವಾದಂತೆ ಕಾಲುಚೀಲಗಳನ್ನು ಒಂದರ ಮೇಲೊಂದು ಹಾಕಿಕೊಳ್ಳಬಹುದು; ಅದಕ್ಕೂ ಮಿತಿ ಇದೆ. ಆ ಬಳಿಕ ಸ್ಟಂಪ್ ಕೆಳಗೆ ಜಾರಿ, ಭಾರ ಹೊರಬಾರದ ಮೂಳೆಯ ತುದಿ ಭಾರ ಹೊರತೊಡಗುತ್ತದೆ. ಹೊಸ ಸಾಕೆಟ್ ಬೇಕಾಗುವುದು ಆಗ. ಯೋಜನೆ ಹೇಳುವುದು, ಇನ್ನೂ ಒಂದೂವರೆ ವರ್ಷ ಕಾಯಿರಿ. ಊರುಗೋಲಿಗೆ ಒಪ್ಪುವ ನಿಯಮವನ್ನು ಸಾಕೆಟ್ಟಿಗೂ ಹಚ್ಚಿದರೆ ಹೀಗೇ ಆಗುವುದು. ನಿಯಮ ಬರೆದವರಲ್ಲಿ ಒಬ್ಬ ಪ್ರಾಸ್ಥೆಟಿಸ್ಟ್ ಇದ್ದಿದ್ದರೆ ಸಾಕೆಟ್ಟನ್ನು ಬೇರೆಯಾಗಿ, ಪಾದ ಮತ್ತು ಕೊಳವೆಯನ್ನು ಬೇರೆಯಾಗಿ ನೋಡುತ್ತಿದ್ದರು ಎನ್ನಿಸುತ್ತದೆ.

ದೂರು ಕೊಡಲು ಹೊರಟರೆ? ವೈದ್ಯರ ಮೇಲಿನ ದೂರಿಗೆ ಬೆಂಗಳೂರಿನಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತಿದೆ. ನರ್ಸುಗಳಿಗೆ, ಔಷಧ ವಿತರಕರಿಗೆ ರಾಜ್ಯ ಪರಿಷತ್ತುಗಳಿವೆ. ಫಿಸಿಯೋಥೆರಪಿ ಮುಂತಾದ ವೃತ್ತಿಗಳಿಗೆ 2021ರ ರಾಷ್ಟ್ರೀಯ ಕಾಯಿದೆ ರಾಜ್ಯ ಪರಿಷತ್ತುಗಳನ್ನು ವಿಧಿಸಿದೆ. ಕಾಲು ಜೋಡಿಸುವವರ ರಿಜಿಸ್ಟರು ಇರುವುದು ದೆಹಲಿಯಲ್ಲಿ ಮಾತ್ರ. 13ನೆಯ ಸೆಕ್ಷನ್ನಿನ ಅಪರಾಧವನ್ನು ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಪರಿಷತ್ತು ಅಧಿಕಾರ ಕೊಟ್ಟವರೇ ಲಿಖಿತ ದೂರು ಕೊಡಬೇಕು. ಮಡಿಕೇರಿಯ ರೋಗಿ ನೇರವಾಗಿ ಹೋಗುವಂತಿಲ್ಲ. ಗ್ರಾಹಕ ಕಾಯಿದೆಯ ದಾರಿಯೂ ಕಿರಿದು. 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡುವ ವೈದ್ಯಕೀಯ ಸೇವೆಯನ್ನು ಆ ಕಾಯಿದೆಯಿಂದ ಹೊರಗಿಟ್ಟಿತು. ಶಿಬಿರದ ಕಾಲು ಉಚಿತ. ಆದ್ದರಿಂದ ಅದನ್ನು ಪಡೆದವನು ಗ್ರಾಹಕನೂ ಅಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಫಿಸಿಯೋಥೆರಪಿ ಕೇಂದ್ರವನ್ನು ಹೆಸರಿಸುತ್ತದೆ, ಕೃತಕ ಅಂಗ ಜೋಡಿಸುವ ಕೇಂದ್ರವನ್ನು ಹೆಸರು ಹಿಡಿದು ಹೇಳುವುದಿಲ್ಲ.

ನೋಂದಣಿಯ ನವೀಕರಣಕ್ಕೆ ಪರಿಷತ್ತು ಮುಂದುವರಿದ ಶಿಕ್ಷಣದ ಅಂಕಗಳನ್ನು ಕೇಳುತ್ತದೆ. ಅವು ವಿಚಾರ ಸಂಕಿರಣ, ಕಾರ್ಯಾಗಾರಗಳಿಂದ ಬರುತ್ತವೆ. ಹೊಸದನ್ನು ಕಲಿಯುವುದು ಒಳ್ಳೆಯದೇ. ಆದರೆ ತಾನು ಜೋಡಿಸಿದ ಕಾಲುಗಳಲ್ಲಿ ಒಂದು ವರ್ಷದ ಬಳಿಕ ಎಷ್ಟು ಬಳಕೆಯಲ್ಲಿವೆ ಎಂದು ಲೆಕ್ಕ ಕೊಟ್ಟವರಿಗೆ ಎಷ್ಟು ಅಂಕ?

ಪಾದರಕ್ಷೆ ಮಾಡುವವರು

ಕೃತಕ ಕಾಲಿನವರಿಗೆ ಕಾಯಿದೆಯಾದರೂ ಇದೆ. ರೋಗಿಯ ಪಾದಕ್ಕೆ ಪಾದರಕ್ಷೆ ಮಾಡುವವರಿಗೆ ಅದೂ ಇಲ್ಲ. ವಿಚಿತ್ರವೆಂದರೆ ಈ ವಿಜ್ಞಾನಕ್ಕೆ ದೊಡ್ಡ ಕಾಣಿಕೆ ನಮ್ಮ ನೆರೆಯಲ್ಲಿಯೇ ಆಯಿತು. ವೆಲ್ಲೂರು ಮತ್ತು ಕಾರಿಗಿರಿಯಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಸಹೋದ್ಯೋಗಿಗಳು ಕುಷ್ಠರೋಗಿಗಳ ಪಾದದ ಹುಣ್ಣುಗಳಿಗೆ ಕಾರಣ ಸ್ಪರ್ಶಜ್ಞಾನವಿಲ್ಲದ ಪಾದದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡ ಎಂದು ತೋರಿಸಿದರು. ಮೈಕ್ರೊಸೆಲ್ಯುಲರ್ ರಬ್ಬರಿನ ಚಪ್ಪಲಿ ಬಂದದ್ದು ಹೀಗೆ. ಎಂ.ಸಿ.ಆರ್. ಚಪ್ಪಲಿ ಎಂದರೆ ಆರೋಗ್ಯ ಇಲಾಖೆಯ ಹಳಬರಿಗೆ ಈಗಲೂ ಗೊತ್ತು. ಆ ರಬ್ಬರಿನ ಮೆದುತನಕ್ಕೆ ಷೋರ್ ಮಾಪಕದಲ್ಲಿ ಅಳತೆ ಇದೆ, ಸುಮಾರು 15ರಿಂದ 20.

ಈಗ ಅದೇ ತೊಂದರೆ ಮಧುಮೇಹದ ಮೂಲಕ ಬರುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ, 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಅಂದಾಜಿಸಿತು. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಗಂಬೂಟಿನೊಳಗಿನ ಒಂದು ಕಲ್ಲೂ ಅಪಾಯ. ಹುಣ್ಣು ಕೊಳೆತರೆ ಬೆರಳು, ಬಳಿಕ ಪಾದ, ಬಳಿಕ ಕಾಲು. ಸರಿಯಾದ ಪಾದರಕ್ಷೆ ಸಕಾಲಕ್ಕೆ ಸಿಕ್ಕವರಲ್ಲಿ ಎಷ್ಟೋ ಮಂದಿಗೆ ಕೃತಕ ಕಾಲಿನ ಅಗತ್ಯವೇ ಬರುವುದಿಲ್ಲ. ಆದರೂ ಪೇಟೆಯಲ್ಲಿ ಮಧುಮೇಹಿಗಳ ಚಪ್ಪಲಿ ಎಂಬ ಚೀಟಿ ಅಂಟಿಸಿ ಯಾರು ಬೇಕಾದರೂ ಏನನ್ನು ಬೇಕಾದರೂ ಮಾರಬಹುದು.

ಇಲ್ಲಿ ಪದವಿಗಿಂತ ಅಳತೆಯನ್ನು ಆಧರಿಸಿದ ನಿಯಮ ಸಾಧ್ಯ. ಮಧುಮೇಹ ಪಾದದ ಅಂತರರಾಷ್ಟ್ರೀಯ ಕಾರ್ಯತಂಡದ ಮಾರ್ಗಸೂಚಿಯ ಪ್ರಕಾರ, ಒಮ್ಮೆ ಹುಣ್ಣಾಗಿ ವಾಸಿಯಾದ ಪಾದಕ್ಕೆ ಕೊಡುವ ಪಾದರಕ್ಷೆಯೊಳಗೆ ನಡೆಯುವಾಗಿನ ಗರಿಷ್ಠ ಒತ್ತಡ 200 ಕಿಲೋಪಾಸ್ಕಲಿಗಿಂತ ಕಡಿಮೆ ಇರಬೇಕು, ಇಲ್ಲವೆ ಮೊದಲಿಗಿಂತ ಕನಿಷ್ಠ ಶೇ. 30ರಷ್ಟು ಇಳಿದಿರಬೇಕು. ಇದು ಪರಿಶೀಲಿಸಬಹುದಾದ ಸಂಖ್ಯೆ. ಚಪ್ಪಲಿ ಹೊಲಿಯುವವನು ಎಷ್ಟನೆಯ ತರಗತಿ ಓದಿದ್ದಾನೆ ಎಂದು ಕೇಳುವ ಅಗತ್ಯ ಆಗ ಇರುವುದಿಲ್ಲ.

ಏನು ಮಾಡಬಹುದು

ವೃತ್ತಿಗಳ ನಿಯಂತ್ರಣ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂಗವಿಕಲರ ನೆರವು ರಾಜ್ಯ ಪಟ್ಟಿಯಲ್ಲಿದೆ. ಆದ್ದರಿಂದ ಕರ್ನಾಟಕ ಕೈಕಟ್ಟಿ ಕೂರಬೇಕಾಗಿಲ್ಲ. ಹಾಗೆಂದು ಇದಕ್ಕೊಂದು ಹೊಸ ರಾಜ್ಯ ಮಂಡಳಿ ಮಾಡಿ ಎಂದು ಹೇಳಲಾರೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಈ ಮೂರು ವೃತ್ತಿಗಳಿಗೆ ಪ್ರತ್ಯೇಕ ಮಂಡಳಿಯಿತ್ತು. 2018ರ ಜನವರಿಯಲ್ಲಿ ಅದನ್ನು ಫಿಸಿಯೋಥೆರಪಿ ಮುಂತಾದ ವೃತ್ತಿಗಳ ಮಂಡಳಿಯೊಂದಿಗೆ ಸೇರಿಸಿಬಿಟ್ಟರು. ಸಣ್ಣ ವೃತ್ತಿಗೆ ದೊಡ್ಡ ಕಚೇರಿ ನಡೆಸುವುದು ಕಷ್ಟ. ದೂರು ಕೇಳಲು ಪರಿಷತ್ತಿನ ಅಧಿಕಾರ ಪಡೆದ ಒಬ್ಬ ಅಧಿಕಾರಿ ಬೆಂಗಳೂರಿನಲ್ಲಿ ಇದ್ದರೂ ಈಗಿನ ಸ್ಥಿತಿಗಿಂತ ಮೇಲು.

ಕೆಲಸವನ್ನು ಹಂತಗಳಾಗಿ ಬಿಡಿಸುವುದು ಅದಕ್ಕಿಂತ ಮುಖ್ಯ. ಸಾಕೆಟ್ಟಿನ ವಿನ್ಯಾಸ ಮತ್ತು ಅಲೈನ್‌ಮೆಂಟ್ ಪದವೀಧರ ತಜ್ಞರಿಗೇ ಇರಲಿ, ಅಲ್ಲಿ ರಾಜಿ ಬೇಡ. ಅಚ್ಚು, ತಯಾರಿ, ದುರಸ್ತಿ, ಪಟ್ಟಿ ಹೊಲಿಗೆಗಳನ್ನು ತರಬೇತಾದ ತಂತ್ರಜ್ಞರೂ ಸ್ಥಳೀಯ ಕುಶಲಕರ್ಮಿಗಳೂ ಕಾನೂನಿನ ಹೆದರಿಕೆಯಿಲ್ಲದೆ ಮಾಡುವಂತಾಗಲಿ. 2016ರಲ್ಲಿ ಆರಂಭವಾದ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ವರ್ಷವಿಡೀ ನಡೆಯುವ ಜೋಡಣಾ ಕಾರ್ಯಾಗಾರ ಇರಬೇಕು. ಅದರ ಅಂಗಳದಲ್ಲಿ ಸಿಮೆಂಟು ನೆಲದ ಜೊತೆಗೆ ಹತ್ತು ಡಿಗ್ರಿಯ ಒಂದು ಮಣ್ಣಿನ ಇಳಿಜಾರೂ, ನಾಲ್ಕು ಕಲ್ಲಿನ ಮೆಟ್ಟಿಲೂ ಇರಲಿ. ಅದಕ್ಕೇನೂ ದೊಡ್ಡ ವೆಚ್ಚವಿಲ್ಲ, ಮಡಿಕೇರಿಯಲ್ಲಿ ಇಳಿಜಾರನ್ನು ಕಟ್ಟಬೇಕಾಗಿಯೂ ಇಲ್ಲ.

ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ದುಡಿಯುತ್ತಿದ್ದಾರೆ. ಅವರೂ ಅಂಗವೈಕಲ್ಯ ಇರುವವರೇ. ಕಾಲು ಪಡೆದವರನ್ನು ಒಂದು, ಆರು ಮತ್ತು ಹನ್ನೆರಡನೆಯ ತಿಂಗಳಲ್ಲಿ ನೋಡಿ ಮೂರೇ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಲು ಅವರಿಗೆ ಒಂದು ದಿನದ ತರಬೇತಿ ಸಾಕು: ದಿನಕ್ಕೆ ಎಷ್ಟು ಗಂಟೆ ಕಾಲು ಹಾಕುತ್ತೀರಿ, ಎಲ್ಲಿ ಕೆಂಪಾಗಿದೆ, ಎಷ್ಟು ಕಾಲುಚೀಲ ಹಾಕುತ್ತಿದ್ದೀರಿ. ಆ ಹಾಳೆಯಲ್ಲಿ ಜೋಡಿಸಿದವರ ನೋಂದಣಿ ಸಂಖ್ಯೆಯೂ ಇರಲಿ, ನವೀಕರಣದ ಸಮಯದಲ್ಲಿ ಪರಿಷತ್ತು ಅದನ್ನು ನೋಡಲಿ.

ಕಾಯಿದೆಯ ವ್ಯಾಖ್ಯೆ ತಿದ್ದಲು ಸಂಸತ್ತೇ ಬೇಕು. ಅದು ಯಾವಾಗ ಆದೀತೋ. ಅಡಿಪ್ ಯೋಜನೆಯ ಮೂರು ವರ್ಷದ ಷರತ್ತು ಮಾತ್ರ ಮಾರ್ಗಸೂಚಿಯ ಒಂದು ಸಾಲು. ಹೊಸ ಸ್ಟಂಪಿನ ಮೊದಲ ಮರುಸಾಕೆಟ್ಟಿಗೆ ಅದು ಅನ್ವಯಿಸದು ಎಂದು ಸೇರಿಸಲು ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಒಂದು ಆದೇಶ ಸಾಕು.